ಚೇರ್ಸ್ ಸರಿ, ಫರ್ನಿಚರ್ಸ್ ಯಾಕೆ ತಪ್ಪು?

ಚೇರ್‌ಗೆ ಎಸ್ ಸೇರಿಸಿದರೆ ಚೇರ್ಸ್ ಆಗುತ್ತದೆ, ಫರ್ನಿಚರ್‌ಗೆ ಸೇರಿಸಿದರೆ ಮಾತ್ರ ಯಾಕೆ ತಪ್ಪು ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ.

ಮೊದಲು ಕನ್ನಡದಲ್ಲೇ ನೋಡಿ. ಮದುವೆಗೆ ಬಂದ ಒಬ್ಬಾಕೆ ನಾಲ್ಕು ಬಳೆ, ಎರಡು ಸರ ಹಾಕಿಕೊಂಡಿದ್ದಾಳೆ. ಬಳೆಗಳು, ಸರಗಳು ಅನ್ನುತ್ತೇವೆ. ಬಂಗಾರಗಳು ಅನ್ನುತ್ತೇವಾ? ಇಲ್ಲ ಅಲ್ವಾ. ಎಲ್ಲ ಸೇರಿ ಬಂಗಾರ, ಅಷ್ಟೇ. ಫರ್ನಿಚರ್ ಕೂಡ ಹಾಗೇ. ಚೇರು, ಟೇಬಲ್, ಮಂಚ ಎಲ್ಲಕ್ಕೂ ಸೇರಿದ ಹೆಸರು ಅದು. ಲಗೇಜ್, ಇನ್ಫರ್ಮೇಶನ್, ಅಡ್ವೈಸ್, ಹೋಮ್‌ವರ್ಕ್ ಇವೂ ಅದೇ ಗುಂಪು.

ಆದರೆ 'ಎಣಿಸೋಕೆ ಬಂದರೆ ಎಸ್, ಬರದಿದ್ದರೆ ಇಲ್ಲ' ಅನ್ನುವ ಸೂತ್ರವನ್ನು ಪೂರ್ತಿ ನಂಬಬೇಡಿ. ಒಮ್ಮೆ ತಟ್ಟೆಯ ಒಂದು ಬದಿಗೆ ತೊಗರಿ, ಇನ್ನೊಂದು ಬದಿಗೆ ಅಕ್ಕಿ ಹಾಕಿ ಮಕ್ಕಳ ಮುಂದಿಟ್ಟೆ. "ಎರಡೂ ಎಣಸ್ಲಾಕ ಬರ್ತಾವಲ್ರೀ ಸರ್" ಅಂದ ಒಬ್ಬ ಹುಡುಗ. ಅವರಪ್ಪ ಗಂಜ್‌ಗೆ, ಅಂದರೆ ಕಾಳು ಮಾರುವ ಮಾರುಕಟ್ಟೆಗೆ, ತೊಗರಿ ತರುವ ರೈತ. ಹುಡುಗ ಹೇಳಿದ್ದು ನಿಜ. ಆದರೂ ಅಕ್ಕಿ ಇಂಗ್ಲಿಷಿನಲ್ಲಿ ರೈಸ್, ಅದಕ್ಕೆ ಬಹುವಚನ ಇಲ್ಲ. ನಮ್ಮ ತೊಗರಿ ಮಾತ್ರ ಪಿಜನ್ ಪೀಝ್, ಬಹುವಚನ!

ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ಪಿಜನ್ ಪೀಝ್‌ನಲ್ಲಿರುವ 'ಪೀ' ಅಂದರೆ ಬಟಾಣಿ. ಹಿಂದೆ ಇಂಗ್ಲಿಷಿನಲ್ಲಿ ಬಟಾಣಿಗೆ ಇದ್ದ ಹೆಸರೇ 'ಪೀಝ್', ರೈಸ್ ಇದ್ದ ಹಾಗೆ. ಕೊನೆಯ ಆ ಸದ್ದನ್ನು ಜನ ಬಹುವಚನದ ಎಸ್ ಅಂದುಕೊಂಡರು. 17ನೇ ಶತಮಾನದಲ್ಲಿ ಅದನ್ನು ಕಿತ್ತು 'ಪೀ' ಅನ್ನುವ ಹೊಸ ಏಕವಚನ ಮಾಡಿಕೊಂಡರು. ಕಾಳು ಬದಲಾಗಲಿಲ್ಲ, ಜನರ ಕಿವಿಗೆ ಅದು ಬೇರೆ ಥರ ಕೇಳಿಸಿತು.

ಹಾಗಾಗಿ ಅನುಮಾನ ಬಂದರೆ ಸುಮ್ನೆ ತರ್ಕ ಮಾಡಬೇಡಿ, ಡಿಕ್ಷನರಿ ತೆಗೆಯಿರಿ. ಕಲಿಯುವವರಿಗಾಗಿ ಮಾಡಿದ ಹಲವು ಡಿಕ್ಷನರಿಗಳಲ್ಲಿ ನಾಮಪದದ ಪಕ್ಕ 'ಸಿ' ಅಥವಾ 'ಯು' ಅಂತ ಇರುತ್ತದೆ. ಸಿ ಅಂದರೆ ಕೌಂಟಬಲ್ (ಎಣಿಸುವಂಥದ್ದು), ಯು ಅಂದರೆ ಅನ್‌ಕೌಂಟಬಲ್ (ಎಣಿಸದಂಥದ್ದು).

ನೀವು ಕೇಳಿಲ್ಲ, ಆದರೂ ಇದೊಂದು ಹೇಳಿಬಿಡುತ್ತೇನೆ. ನಮ್ಮ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಐದು ಚೀಲ, ಹತ್ತು ರೂಪಾಯಿ ಅನ್ನುವಾಗ ಕನ್ನಡಕ್ಕೆ 'ಗಳು' ಬೇಕಿಲ್ಲ. ಅದೇ ರೂಢಿಯಲ್ಲಿ 'ಫೈವ್ ಬ್ಯಾಗ್' ಅಂತ ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಫೈವ್ ಬ್ಯಾಗ್ಸ್, ಟೆನ್ ರುಪೀಸ್ ಆಗಲೇಬೇಕು. ನೋಟಿನ ಹೆಸರು ಹೇಳುವಾಗ ಮಾತ್ರ ಎಸ್ ಬಿಟ್ಟು 'ಟೆನ್ ರುಪೀ ನೋಟ್' ಅನ್ನಿ.