ನೋಡುವವರಿದ್ದಾಗ ಹೆಚ್ಚುವ ವೇಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೈಸೂರಿನ ಶಿಕ್ಷಕಿಯೊಬ್ಬರು, ವಯಸ್ಸು ನಲವತ್ತರ ಆಸುಪಾಸು, ರಕ್ತದ ಸಕ್ಕರೆ ಅಂಶ ಮಧುಮೇಹದ ಅಂಚಿನಲ್ಲಿದೆಯೆಂದು ವೈದ್ಯರು ವ್ಯಾಯಾಮ ಸೂಚಿಸಿದ ಮೇಲೆ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಓಡಲು ಹೊರಟಿದ್ದರು. ನಡೆಯುವಾಗ ಇಲ್ಲದ ಸಂಕೋಚ ಓಟಕ್ಕೆ ಕಾಲೆತ್ತಿದೊಡನೆ ಆವರಿಸುತ್ತಿತ್ತು. ವಿದ್ಯಾರ್ಥಿಗಳ ಪೋಷಕರು ಎದುರಾದರೆ ಬಿಚ್ಚದ ಶೂ ಲೇಸನ್ನು ಕಟ್ಟುವವರಂತೆ ಬಗ್ಗಿಬಿಡುತ್ತಿದ್ದರು. ಎರಡು ನಿಮಿಷಕ್ಕೇ ಏದುಸಿರು ಬರುತ್ತಿದ್ದುದರಿಂದ, ಓಟ ತಮ್ಮ ಮೈಗೆ ಒಗ್ಗದೆಂದು ತೀರ್ಮಾನಿಸಿದ್ದರು.

ಅವರು ಸಲಹೆಗೆಂದು ನನ್ನ ಬಳಿ ಬಂದಾಗ, ಎಲ್ಲಿ ಉಸಿರು ಕಟ್ಟುತ್ತದೆಂದು ಕೇಳುತ್ತಾ ಹೋದಂತೆ ವಿಷಯ ಸ್ಪಷ್ಟವಾಯಿತು. ಜನ ಕುಳಿತಿರುವ ಬೆಂಚುಗಳ ಬಳಿ, ಬೇಗ ದಾಟಿಬಿಡಬೇಕೆಂದು ಅವರು ವೇಗ ಹೆಚ್ಚಿಸುತ್ತಿದ್ದರು. ಹೊಸಬರಲ್ಲಿ ಬಹುಪಾಲು ಮಂದಿ ತಮ್ಮ ಶಕ್ತಿಗೆ ಮೀರಿ ಓಡುತ್ತಾರೆ. ಇವರ ವೇಗವನ್ನಂತೂ ನಾಚಿಕೆಯೇ ನಿರ್ಧರಿಸುತ್ತಿತ್ತು, ಅದರಿಂದ ಬಂದ ಏದುಸಿರು ಮತ್ತೆ ನಾಚಿಕೆಗೇ ಕಾರಣವಾಗುತ್ತಿತ್ತು.

ಆದ್ದರಿಂದ ಮೊದಲು ವೇಗವನ್ನೇ ತಗ್ಗಿಸಲು ಹೇಳಿದೆ. ಓಡುತ್ತಲೇ ಒಂದು ಪೂರ್ಣ ವಾಕ್ಯ ಆಡಲು ಆಗುವಷ್ಟು ನಿಧಾನವಿರಬೇಕು, ಪಕ್ಕದಲ್ಲಿ ಬಿರುಸಾಗಿ ನಡೆಯುವವರು ಮುಂದೆ ಹೋದರೂ ಚಿಂತೆಯಿಲ್ಲ. ಕ್ರಮಕ್ಕೆ, ಜಾಶ್ ಕ್ಲಾರ್ಕ್ ಎಂಬವರು ಹೊಸದಾಗಿ ಓಡುವವರಿಗಾಗಿ 1996ರಲ್ಲಿ ರೂಪಿಸಿದ 9 ವಾರಗಳ ಪದ್ಧತಿಯ ಮೊದಲ ವಾರವನ್ನು ಆರಿಸಿಕೊಂಡೆವು: 5 ನಿಮಿಷ ಚುರುಕು ನಡಿಗೆ, ಬಳಿಕ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ 20 ನಿಮಿಷ, ವಾರಕ್ಕೆ 3 ದಿನ. ಕಷ್ಟವೆನಿಸಿದರೆ ಅದೇ ವಾರವನ್ನು ಮರಳಿ ಮಾಡಬಹುದು. ಹೃದಯ, ಶ್ವಾಸಕೋಶಗಳು ಬೇಗ ಹೊಂದಿಕೊಳ್ಳುತ್ತವೆ, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳಿಗೆ ಮತ್ತು ಮೂಳೆಗಳಿಗೆ ಹೆಚ್ಚು ಕಾಲ ಬೇಕು. ಹಾಗಾಗಿ ಉಸಿರು ಸಲೀಸಾದ ಹುಮ್ಮಸ್ಸಿನಲ್ಲಿ ದೂರವನ್ನು ಏಕಾಏಕಿ ಹೆಚ್ಚಿಸಬಾರದೆಂದೂ, ಎದೆನೋವು ಅಥವಾ ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ.

ಯಾರೂ ಇಲ್ಲದ ನಸುಕಿನ ಕತ್ತಲಲ್ಲಿ ಓಡುವೆನೆಂದರು; ನಾನು ಒಪ್ಪಲಿಲ್ಲ. ಬೀದಿನಾಯಿಗಳ ಕಾಟ ಒಂದೆಡೆಯಿರಲಿ, ತಪ್ಪಿಸಿಕೊಂಡಷ್ಟೂ ಭಯಕ್ಕೆ ಬಲ ಬರುತ್ತದೆ. ಮನೋವಿಜ್ಞಾನಿ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಜುಗರದ ಟೀಶರ್ಟ್ ತೊಟ್ಟ ವಿದ್ಯಾರ್ಥಿಗಳು ಕೋಣೆಯಲ್ಲಿದ್ದ ಸುಮಾರು ಅರ್ಧದಷ್ಟು ಮಂದಿ ಅದನ್ನು ಗಮನಿಸಿರುತ್ತಾರೆಂದು ಎಣಿಸಿದ್ದರು. ನಿಜಕ್ಕೂ ಗಮನಿಸಿದ್ದವರು ಕಾಲುಭಾಗದಷ್ಟು. ಇದನ್ನು ಹೇಳಿದರೆ ಅವರಿಗೆ ನಂಬಿಕೆ ಬರಲಿಲ್ಲ, ಬರಬೇಕೆಂದೂ ಇಲ್ಲ. ಬೆಂಚಿನವರಲ್ಲಿ ಎಷ್ಟು ಜನ ನೋಡಬಹುದೆಂದು ಮೊದಲೇ ಊಹಿಸಿ, ದಾಟುವಾಗ ತಲೆಯೆತ್ತಿ ಎಣಿಸಿ ಬನ್ನಿ, ಲೇಸಿಗೆ ಮಾತ್ರ ಕೈ ಹಾಕಬೇಡಿ ಎಂದೆ.

ಹೆಚ್ಚಿನವರು ಮೊಬೈಲಿನಲ್ಲೋ ಹರಟೆಯಲ್ಲೋ ಮುಳುಗಿದ್ದರಂತೆ. ಹಿರಿಯರೊಬ್ಬರು ಮಾತ್ರ "ಏನ್ ಮೇಡಂ, ಬಸ್ ತಪ್ಪೋಯ್ತಾ?" ಎಂದು ಕೇಳಿಯೇಬಿಟ್ಟರು. ಶಿಕ್ಷಕಿ ಹೆದರಿದ್ದುದೇ ಇಂಥ ಮಾತಿಗೆ. ಆದರೂ "ಇಲ್ಲ ಸಾರ್, ಹಿಡೀತೀನಿ" ಎಂದು ಓಡುವುದನ್ನು ಮುಂದುವರಿಸಿದರಂತೆ. ಈಗ ನಾಲ್ಕನೆಯ ವಾರದ ಹಂತದಲ್ಲಿದ್ದಾರೆ. ಭಾನುವಾರದ ಜನಸಂದಣಿಯಲ್ಲಿ ಓಡಲು ಇನ್ನೂ ಹಿಂಜರಿಕೆಯಿದೆ. ಅದಕ್ಕೆ ನಾನೂ ಒತ್ತಾಯಿಸಿಲ್ಲ.