ಓದುಗರ ಪ್ರಶ್ನೆ: ಬಸ್ಸಿನ ದಾರಿ ಮೊದಲು, ಬಾಡಿಗೆ ಮನೆ ಆಮೇಲೆ

ಪ್ರಶ್ನೆ: ಮಾನ್ಯರೇ, ನನಗೆ ಸುರಪುರದಿಂದ ಕಲಬುರಗಿಗೆ ವರ್ಗವಾಗಿದ್ದು, ಕಚೇರಿ ಮಿನಿ ವಿಧಾನಸೌಧದಲ್ಲಿದೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿರುವ ಮಗಳು ಇದುವರೆಗೆ ಹಾಸ್ಟೆಲ್‌ನಲ್ಲಿದ್ದಳು. ಇನ್ನು ನಮ್ಮೊಂದಿಗೇ ಇರುತ್ತಾಳೆ. ನಮ್ಮಲ್ಲಿ ಸ್ಕೂಟರ್ ಇಲ್ಲ. ರೈಲು ನಿಲ್ದಾಣದ ಹತ್ತಿರ ಎರಡು ಖೋಲಿಯ ಮನೆಗೆ 9,000 ರೂಪಾಯಿ ಕೇಳುತ್ತಿದ್ದಾರೆ. ರಿಂಗ್ ರಸ್ತೆಯ ಆಚೆಯ ಹೊಸ ಬಡಾವಣೆಯಲ್ಲಿ ಅಷ್ಟೇ ದೊಡ್ಡ ಮನೆ 6,500ಕ್ಕೆ ಸಿಗುತ್ತದೆ. ಮೂರು ಜನರ ಸಂಸಾರಕ್ಕೆ ಯಾವುದು ಸೂಕ್ತ?
– ಒಬ್ಬ ಓದುಗರು, ಸುರಪುರ

ಉತ್ತರ: ಎರಡು ಮನೆಗಳ ನಡುವಿನ ಅಂತರ 2,500 ರೂಪಾಯಿ ಎಂದು ನೀವು ಎಣಿಸಿದ್ದೀರಿ. ನಾನೂ ಹಿಂದೊಮ್ಮೆ ಹೀಗೆಯೇ ಎಣಿಸಿ, ತಿಂಗಳಿಗೆ 1,200 ರೂಪಾಯಿ ಉಳಿಯುತ್ತದೆಂಬ ಆಸೆಗೆ ರಿಂಗ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದ್ದ ಮನೆಯನ್ನು ಹಿಡಿದಿದ್ದೆ. ಬಸ್ಸು ರಿಂಗ್ ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಬೇಸಿಗೆಯಲ್ಲಿ ನಡೆದೆ. ಮೊದಲ ಮಳೆ ಬಿದ್ದ ದಿನ ಬಡಾವಣೆಯ ಡಾಂಬರು ಕಾಣದ ದಾರಿಯ ಎರೆಮಣ್ಣು ಚಪ್ಪಲಿಗೆ ಅಂಟಿ, ಹೆಜ್ಜೆಗೊಂದು ಸೇರು ಭಾರವಾಗಿ, ಕೊನೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆ ಸೇರಿದೆ. ಮರುದಿನದಿಂದ ಆಟೋ ಗಟ್ಟಿಯಾಯಿತು. ಹೋಗಿಬರಲು ದಿನಕ್ಕೆ 60 ರೂಪಾಯಿಯಂತೆ 26 ದಿನಕ್ಕೆ 1,560. ಉಳಿತಾಯಕ್ಕೆಂದು ಹಿಡಿದ ಮನೆ ಪ್ರತಿ ತಿಂಗಳೂ ನನ್ನಿಂದಲೇ 360 ರೂಪಾಯಿ ಕಿತ್ತುಕೊಳ್ಳುತ್ತಿತ್ತು.

ಆದ್ದರಿಂದ ಮನೆಯನ್ನು ಆಮೇಲೆ ನೋಡಿ. ಮೊದಲು ಬಸ್ಸಿನ ದಾರಿಯನ್ನು ನೋಡಿ. ನಿಮ್ಮ ಸಂಸಾರದಲ್ಲಿ ದೂರ ಹೋಗಬೇಕಾದವರು ಮಗಳು, ಏಕೆಂದರೆ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಊರ ಹೊರಗೆ ಸೇಡಂ ರಸ್ತೆಯಲ್ಲಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಅವರಿಗೂ ನಿಮ್ಮ ಶ್ರೀಮತಿಯವರಿಗೂ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ, ನಗರ ಸಾರಿಗೆಯೂ ಸೇರಿ, ಗುರುತಿನ ಚೀಟಿ ತೋರಿಸಿದರೆ ಪ್ರಯಾಣ ಉಚಿತ. ಆದರೆ ಉಚಿತವೆಂಬುದು ಬಸ್ಸಿಗೆ ಮಾತ್ರ. ಟಂಟಂನವರು, ಎಂದರೆ ಹಲವರನ್ನು ಕೂರಿಸಿಕೊಂಡು ಹೋಗುವ ಆಟೋದವರು, ಯಾರಿಗೂ ಬಾಡಿಗೆ ಬಿಟ್ಟು ಕೊಡುವುದಿಲ್ಲ. ಮನೆಯ ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯಿದ್ದರೆ ಮಗಳ ತಿಂಗಳ ಪ್ರಯಾಣದ ಖರ್ಚು ಸೊನ್ನೆಯಾಗುತ್ತದೆ, ಅದೇ ಅರ್ಧ ಗಂಟೆಯ ನಡಿಗೆಯಾದರೆ ಯೋಜನೆ ಇದ್ದೂ ಇಲ್ಲದಂತಾಗುತ್ತದೆ. ಮನೆಯಲ್ಲಿ ಟಿಕೆಟಿಗೆ ದುಡ್ಡು ಕೊಡಬೇಕಾದವರು ನೀವೊಬ್ಬರೇ. ಅದಕ್ಕೆ ತಿಂಗಳ ಪಾಸು ಮಾಡಿಸಿಕೊಳ್ಳಬಹುದು.

ಹೀಗೆ ನೋಡಿದಾಗ ನಿಮ್ಮ ಎರಡೂ ಮನೆಗಳಿಗಿಂತ ಮೂರನೆಯದೊಂದನ್ನು ಹುಡುಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸೇಡಂ ರಸ್ತೆಗೆ ತಾಗಿದ ವೀರೇಂದ್ರ ಪಾಟೀಲ ಬಡಾವಣೆಯಂಥ ಕಡೆ, ಮುಖ್ಯ ರಸ್ತೆಯಿಂದ ಎರಡು ಮೂರು ಓಣಿ ಒಳಗೆ, ಸ್ವಲ್ಪ ಹಳೆಯದಾದ ಮನೆಯೊಂದು ನಿಮ್ಮ ಎರಡು ಮೊತ್ತಗಳ ನಡುವೆ ಸಿಗುತ್ತದೆಯೇ ನೋಡಿ. ಇ.ಎಸ್.ಐ. ವೈದ್ಯಕೀಯ ಕಾಲೇಜು ಅದೇ ರಸ್ತೆಯಲ್ಲಿರುವುದರಿಂದ ಆ ದಾರಿಯಲ್ಲಿ ಜನರ ಓಡಾಟ ಕಡಿಮೆಯಾಗುವುದಿಲ್ಲ. ಓಡಾಟವಿರುವಲ್ಲಿ ಬಸ್ಸೂ ಇರುತ್ತದೆ. ಅಲ್ಲಿ ಮನೆ ಸಿಗದಿದ್ದರೆ ನಿಲ್ದಾಣದ ಹತ್ತಿರದ 9,000ದ ಮನೆಯೇ ವಾಸಿ. ರಾತ್ರಿ ರೈಲಿಳಿದು ಬರುವ ಬಂಧುಗಳು ನಿಮಗೆ ಹೆಚ್ಚಿದ್ದರಂತೂ ಅದು ಇನ್ನೂ ವಾಸಿ.

ಬಸ್ಸಿದೆ ಎಂದು ಮನೆಯ ಮಾಲಕರು ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಮಗಳು ಹೊರಡುವ ಹೊತ್ತಿಗೇ, ಎಂದರೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಆ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತು, ಎಷ್ಟು ಬಸ್ಸು ಬಂದವು, ಅವುಗಳಲ್ಲಿ ಎಷ್ಟು ನಿಂತವು, ನಿಂತವುಗಳಲ್ಲಿ ಎಷ್ಟಕ್ಕೆ ಹತ್ತಲು ಜಾಗವಿತ್ತು ಎಂಬುದನ್ನು ನೋಡಿ. ಇದೇ ಪರೀಕ್ಷೆಯನ್ನು ಸಂಜೆ ಏಳೂವರೆಯ ಮೇಲೆ ಊರ ನಡುವಿನ ಸೂಪರ್ ಮಾರ್ಕೆಟ್ ಪ್ರದೇಶದ ಕಡೆಯಿಂದಲೂ ಮಾಡಬೇಕು, ಏಕೆಂದರೆ ಬೆಳಿಗ್ಗೆ ಧಾರಾಳವಾಗಿ ಸಿಗುವ ಬಸ್ಸು ರಾತ್ರಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಯವರನ್ನು ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿ. ಅವರ ಉತ್ತರಕ್ಕೆ ವೇಳಾಪಟ್ಟಿಗಿಂತ ಹೆಚ್ಚಿನ ಬೆಲೆಯಿದೆ.

ಮನೆಯನ್ನು ನೋಡಲು ಮಾತ್ರ ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ನಮ್ಮ ಊರಿನ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ಹೊಸದಲ್ಲ. ಮೇಲಂತಸ್ತಿನ ಮನೆಗೆ ಬಾಡಿಗೆ ಕಡಿಮೆಯಿರುವುದು ಮಾಲಕರ ಔದಾರ್ಯದಿಂದಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೆರಡಾದರೂ ಕೆಳಗೆ ಕಾವು ಸುರಿಯುತ್ತಿರುತ್ತದೆ, ಕೂಲರ್ ಬೆಳಗಿನತನಕ ತಿರುಗುತ್ತದೆ. ನೀರಿನ ವಿಷಯದಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ತುಂಬಿಡಲು ಸಂಪು ಇದೆಯೇ ಎಂಬೆರಡು ಪ್ರಶ್ನೆಗಳನ್ನು ಮಾಲಕರಿಗಲ್ಲ, ಈಗ ಅಲ್ಲಿರುವ ಬಾಡಿಗೆದಾರರಿಗೆ ಕೇಳಿ. ಬೋರಿನ ನೀರನ್ನು ಒಂದು ಗುಟುಕು ಕುಡಿದೇ ನೋಡಿ. ಸವುಳಾಗಿದ್ದರೆ ಕುಡಿಯುವ ನೀರಿನ ಕ್ಯಾನಿನ ಖರ್ಚನ್ನೂ ಬಾಡಿಗೆಗೆ ಸೇರಿಸಿಕೊಳ್ಳಿ.

ವಿದ್ಯುತ್ ಮೀಟರು ನಿಮ್ಮ ಭಾಗಕ್ಕೆ ಪ್ರತ್ಯೇಕವಾಗಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಗೃಹ ಜ್ಯೋತಿ ಯೋಜನೆಯಡಿ ಬಾಡಿಗೆದಾರರಿಗೂ ನಿಗದಿತ ಮಿತಿಯೊಳಗೆ, ಗರಿಷ್ಠ 200 ಯೂನಿಟ್‌ವರೆಗೆ, ಬಿಲ್ಲು ಬರುವುದಿಲ್ಲ. ಅದಕ್ಕೆ ಆ ಮನೆಯ ಆರ್.ಆರ್. ಸಂಖ್ಯೆಯನ್ನು (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್‌ಗೆ ಜೋಡಿಸಬೇಕು. ಹಿಂದಿನ ಬಾಡಿಗೆದಾರರು ತಮ್ಮ ಜೋಡಣೆಯನ್ನು ಬಿಡಿಸಿಕೊಂಡಿದ್ದಾರೆಯೇ ಎಂದೂ ಈ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂನಲ್ಲಿ ವಿಚಾರಿಸಿ. ಇಡೀ ಕಟ್ಟಡಕ್ಕೆ ಒಂದೇ ಮೀಟರಿದ್ದು, ಮಾಲಕರು ಸಬ್‌ಮೀಟರ್ ನೋಡಿ ಯೂನಿಟ್ಟಿಗಿಷ್ಟೆಂದು ವಸೂಲು ಮಾಡುವ ಮನೆಯಾದರೆ ಈ ಅನುಕೂಲ ನಿಮ್ಮ ಪಾಲಿಗಿಲ್ಲ.

ಕರಾರು ಪತ್ರ 11 ತಿಂಗಳಿಗೇ ಆಗುತ್ತದೆ. ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ ಬೆಳೆದುಬಂದ ರೂಢಿ ಅದು. ಠೇವಣಿ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದ ಮುನ್ಸೂಚನೆ ಕೊಡಬೇಕು ಎಂಬ ಮೂರೂ ಅದರಲ್ಲಿ ಅಂಕಿಯಲ್ಲಿಯೇ ಇರಲಿ. ಬಣ್ಣದ ಬಾಬತ್ತಿನ ಮೇಲೆ ನಡೆಯುವಷ್ಟು ಜಗಳ ಬಾಡಿಗೆಯ ಮೇಲೂ ನಡೆಯುವುದಿಲ್ಲ.

ಪ್ರಶ್ನೆ: ನಾನು ಹಿಂದುಳಿದ ವರ್ಗಕ್ಕೆ ಸೇರಿದ ವಿದ್ಯಾರ್ಥಿ; ಕಲಬುರಗಿಯಲ್ಲಿ ಓದಲು ಬರುತ್ತಿದ್ದೇನೆ. ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಖೋಲಿ ಹಿಡಿಯಲೇ, ಅಥವಾ ಬೀದರ್ ರೈಲಿನಲ್ಲಿ ದಿನವೂ ಓಡಾಡಲೇ?
– ಒಬ್ಬ ವಿದ್ಯಾರ್ಥಿ, ಹುಮನಾಬಾದ

ಉತ್ತರ: ಬೀದರ್–ಕಲಬುರಗಿ ಮಾರ್ಗ 2017ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ತೆರೆದ ಮೇಲೆ ನಿಮ್ಮ ಊರಿನವರಿಗೆ ಈ ಆಸೆ ಹುಟ್ಟಿರುವುದು ಸಹಜ. ಆದರೆ ರೈಲುಗಳ ಹೊತ್ತು ನಿಮ್ಮ ತರಗತಿಯ ಹೊತ್ತಿಗೆ ಎರಡೂ ಕಡೆಯಿಂದ ಕೂಡಿಬಂದರೆ ಮಾತ್ರ ಮಾಸಿಕ ಪಾಸು ಮಾಡಿಸಿ. ಸಂಜೆಯ ರೈಲು ತಪ್ಪಿದ ದಿನ ಬಸ್ಸಿನ ಟಿಕೆಟಿನ ದುಡ್ಡು ಕೈಯಿಂದ ಹೋಗುತ್ತದೆ. ಹಾಸ್ಟೆಲ್‌ಗೆ ಅರ್ಜಿಯನ್ನಂತೂ ಹಾಕಿಯೇ ಹಾಕಿ. ಸೀಟು ಸಿಗದವರಿಗಾಗಿಯೇ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಯೋಜನೆಯಿದ್ದು, ಆಯ್ಕೆಯಾದವರಿಗೆ ಊಟ ಮತ್ತು ವಸತಿಗೆಂದು ತಿಂಗಳಿಗಿಷ್ಟೆಂದು 10 ತಿಂಗಳು ನೆರವು ಸಿಗುತ್ತದೆ. ಹಣ ಖಾತೆಗೆ ಬರುವುದು ತಡವಾಗಬಹುದಾದ್ದರಿಂದ ಅದನ್ನೇ ನಂಬಿ ಒಬ್ಬರೇ ಖೋಲಿ ಹಿಡಿಯಬೇಡಿ. ಇಬ್ಬರು ಮೂವರು ಸೇರಿ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯಿರಿ. ಕರಾರು ಪತ್ರದಲ್ಲಿ ಎಲ್ಲರ ಹೆಸರೂ ಬರೆಸಿ, ಇಲ್ಲದಿದ್ದರೆ ನಡುವೆ ಬಿಟ್ಟುಹೋದ ಗೆಳೆಯನ ಪಾಲಿನ ಬಾಡಿಗೆ ನಿಮ್ಮ ತಲೆಗೇ ಬರುತ್ತದೆ.