ಮರಿಯಮ್ಮನಿಗೆ ಸೀರೆ ಉಡಿಸಿದರೆ ವಿಗ್ರಹಾರಾಧನೆಯಾ?

ಈ ಪ್ರಶ್ನೆ ವರ್ಷವಿಡೀ ಆಗಾಗ ಬರುತ್ತದೆ. ಆಗಸ್ಟ್ 29ಕ್ಕೆ ಬೆಂಗಳೂರು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹಬ್ಬದ ಬಾವುಟ ಏರಿತು ಅಂದರೆ ದಿನಾ ಬರುತ್ತದೆ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ, ಈ ಸಲ ಎಲ್ಲರಿಗೂ ಒಟ್ಟಿಗೆ.

ಪ್ರಶ್ನೆ: ಫಾದರ್, ನಮ್ಮ ಅತ್ತೆ ಪ್ರತಿ ವರ್ಷ ಶಿವಾಜಿನಗರದ ಮಾತೆಗೆ ಸೀರೆ ಕೊಡುತ್ತಾರೆ. ನಮ್ಮ ಯಜಮಾನರು ಆಫೀಸಿನ ಸ್ನೇಹಿತರ ಪ್ರಾರ್ಥನಾ ಕೂಟಕ್ಕೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಮಣಿ ಎಣಿಸುತ್ತಾ ಮರಿಯಮ್ಮನನ್ನು ನೆನೆದು ಹೇಳುವ ಜಪಸರವೇ ನಿಂತುಹೋಗಿದೆ. ‘ಮರಿಯಳನ್ನು ಪೂಜಿಸೋದು ತಪ್ಪು, ಬೈಬಲ್‌ನಲ್ಲಿ ಎಲ್ಲಿದೆ ತೋರಿಸು’ ಅಂತಾರೆ. ಏನು ಹೇಳಲಿ?

ಉತ್ತರ: ಮೊದಲು ಅವರನ್ನೇ ಕೇಳಿ, ‘ಪೂಜೆ’ ಅಂದರೆ ಏನು ಅಂತ. ಅರ್ಧ ಜಗಳ ಆ ಪದದಲ್ಲೇ ಇದೆ. ನಮ್ಮೂರಲ್ಲಿ ಆಯುಧಕ್ಕೂ ಪೂಜೆ, ಹೊಸ ಸ್ಕೂಟರಿಗೂ ಪೂಜೆ, ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ, ಕೊನೆಗೆ ಸಿಕ್ಕಿಬಿದ್ದ ಕಳ್ಳನಿಗೆ ಜನ ನಾಲ್ಕು ಬಿಟ್ಟರೆ ಅದೂ ‘ಪೂಜೆ ಆಯ್ತು’! ಹಳೆಯ ಧರ್ಮಪಂಡಿತರಿಗೆ ಈ ಗೊಂದಲ ಇರಲಿಲ್ಲ. ಗ್ರೀಕಿನಲ್ಲಿ ದೇವರೊಬ್ಬರಿಗೇ ಸಲ್ಲುವ ಆರಾಧನೆಗೆ ‘ಲಾತ್ರಿಯ’ ಅನ್ನುವ ಬೇರೆ ಪದವೇ ಇತ್ತು. ಸಂತರಿಗೂ ಅವರ ಚಿತ್ರಗಳಿಗೂ ಸಲ್ಲುವುದು ಬರೀ ವಂದನೆ, ಆ ಆರಾಧನೆ ಅಲ್ಲ ಅಂತ 787ರಲ್ಲಿ ನಿಸೇಯ ಪಟ್ಟಣದ ಎರಡನೇ ಮಹಾಸಭೆ, ಅಂದರೆ ಬಿಷಪರ ಸಭೆ, ಗೆರೆ ಎಳೆದು ಹೇಳಿತು. ನೀವು ಅಜ್ಜಿಯ ಕಾಲಿಗೆ ಬಿದ್ದರೆ ಅಜ್ಜಿ ದೇವರಾಗುತ್ತಾರಾ?

ಇನ್ನೂ ಸುಲಭದ ಪರೀಕ್ಷೆ ಬೇಕಾದರೆ, ಬಲಿ ಯಾರಿಗೆ ಅಂತ ನೋಡಿ. ಶಿವಾಜಿನಗರದಲ್ಲಿ ಹಬ್ಬಕ್ಕೆ ಮುಂಚಿನ ಆ ಒಂಬತ್ತು ದಿನದಲ್ಲಿ ಎಷ್ಟು ಬಲಿಪೂಜೆ ನಡೆದರೂ ಒಂದನ್ನೂ ಮರಿಯಮ್ಮನಿಗೆ ಅರ್ಪಿಸುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಅರೇಬಿಯಾ ಕಡೆ ಕೆಲವರು ಮರಿಯಳ ಹೆಸರಲ್ಲಿ ರೊಟ್ಟಿ ನೈವೇದ್ಯ ಮಾಡುತ್ತಿದ್ದಾರೆ ಅನ್ನುವ ಸುದ್ದಿ ಸೈಪ್ರಸ್‌ನ ಬಿಷಪ್ ಎಪಿಫಾನಿಯಸ್ ಕಿವಿಗೆ ಬಿತ್ತು. ಆತ ಸರಿಯಾಗಿ ಬೈದು ಬರೆದ. ಮರಿಯಳಿಗೆ ಗೌರವ ಕೊಡಿ, ಆರಾಧನೆ ಮಾತ್ರ ಪಿತ, ಸುತ, ಪವಿತ್ರಾತ್ಮರಿಗೆ ಅನ್ನೋದು ಅವನ ಮಾತಿನ ಸಾರ. ನಿಮ್ಮ ಯಜಮಾನರು ಇವತ್ತು ಎತ್ತಿರುವ ತಕರಾರನ್ನು ನಮ್ಮವರೇ ಸಾವಿರದ ಆರುನೂರು ವರ್ಷದ ಹಿಂದೆ ಎತ್ತಿ, ತೀರ್ಪನ್ನೂ ಕೊಟ್ಟಿದ್ದಾರೆ.

ಬೈಬಲ್‌ನಲ್ಲಿ ಎಲ್ಲಿದೆ ಅಂದರಲ್ಲ, ಜಪಸರದಲ್ಲಿ ಹೇಳುವ ‘ನಮೋ ಮರಿಯ’ ಪ್ರಾರ್ಥನೆಯ ಮೊದಲರ್ಧ ಲೂಕನ ಶುಭಸಂದೇಶದ ಒಂದನೇ ಅಧ್ಯಾಯದಲ್ಲಿದೆ. 28ನೇ ವಚನ ದೇವದೂತನ ಮಾತು, 42ನೆಯದು ಎಲಿಜಬೇತಮ್ಮನ ಮಾತು. ‘ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ’ ಅನ್ನುವ ಉತ್ತರಾರ್ಧ ಬೈಬಲ್‌ನದ್ದಲ್ಲ, ಧರ್ಮಸಭೆಯ (ಅಂದರೆ ಚರ್ಚಿನ) ಪ್ರಾರ್ಥನೆ. ಈಗಿನ ರೂಪದಲ್ಲಿ ಅದು ಅಧಿಕೃತ ಪ್ರಾರ್ಥನಾ ಪುಸ್ತಕಕ್ಕೆ ಬಂದದ್ದು 1568ರಲ್ಲಿ. ಇದನ್ನು ಒಪ್ಪಿಕೊಳ್ಳೋಕೆ ಹೆದರಿಕೆ ಯಾಕೆ?

ನನಗೆ ಸಿಟ್ಟು ಬರೋದು ಇಲ್ಲೇ, ಅದೂ ನಮ್ಮವರ ಮೇಲೆ. ವಾದದಲ್ಲಿ ಗೆಲ್ಲೋಕೆ ‘ಸಂತ ದೊಮಿನಿಕರ ಕೈಗೆ ಮಾತೆಯೇ ಜಪಸರ ಕೊಟ್ಟದ್ದಕ್ಕೆ ದಾಖಲೆ ಇದೆ’ ಅಂತ ಬಿಡುತ್ತಾರೆ. ಹದಿಮೂರನೇ ಶತಮಾನದ ಆ ಗುರುವಿನ ಕಾಲದ ದಾಖಲೆ ಒಂದೂ ಇಲ್ಲ. ಅದು ಆಮೇಲೆ ಬೆಳೆದ ಐತಿಹ್ಯ. ಜಪಸರ ನಿಧಾನಕ್ಕೆ ರೂಪುಗೊಂಡಿತು. ಓದು ಬಾರದ ಬಡವರು ಬೈಬಲ್‌ನ 150 ಕೀರ್ತನೆಗಳ ಬದಲು 150 ಸಲ ‘ನಮೋ ಮರಿಯ’ ಹೇಳಿಕೊಂಡರು. ಜಪಸರ ಹೇಳುವಾಗ ಯೇಸುವಿನ ಬದುಕನ್ನು ನೆನೆಯುವ ಐದು ಹೊಸ ಧ್ಯಾನಗಳನ್ನು ಎರಡನೇ ಜಾನ್ ಪಾಲ್ ಪೋಪರು ಸೇರಿಸಿದ್ದು 2002ರಲ್ಲಿ, ನಿಮ್ಮ ಕಣ್ಣೆದುರಿಗೇ. ಇಷ್ಟು ಚೆಂದದ ನಿಜ ಕೈಯಲ್ಲಿದ್ದಾಗ ಸುಳ್ಳು ಯಾಕೆ ಬೇಕು?

ಹಾಗಂತ ನಿಮ್ಮ ಯಜಮಾನರದ್ದು ಪೂರ್ತಿ ತಪ್ಪು ಅನ್ನಲ್ಲ. ಒಂದು ವರ್ಷ ಹಬ್ಬದ ಹೊತ್ತಲ್ಲಿ ಒಬ್ಬ ತಾಯಿ ಸೀರೆ ಕವರ್ ಎದೆಗೊತ್ತಿಕೊಂಡು ನನ್ನ ಹತ್ತಿರ ಬಂದರು. ಬೆಲೆಯ ಸ್ಟಿಕರನ್ನು ಉಗುರಲ್ಲಿ ಕೆರೆದಿದ್ದರು, ಅರ್ಧ ಮಾತ್ರ ಬಂದಿತ್ತು. ‘ಫಾದರ್, ಹೋದ ವರ್ಷ ಎರಡು ಸಾವಿರದ್ದು ಕೊಟ್ಟಿದ್ದೆ. ಈ ಸಲ ಎಂಟುನೂರರದ್ದು. ಅಮ್ಮ ಕೋಪ ಮಾಡ್ಕೊಳಲ್ಲ ಅಲ್ವಾ?’ ಅಂದರು. ಅವರ ಕೈ ನಡುಗುತ್ತಿತ್ತು. ಇದು ಭಕ್ತಿ ಅಲ್ಲ, ಭಯ. ಸಾಲ ತೀರಿಸೋ ಲೆಕ್ಕ. ನಿಮ್ಮ ಅತ್ತೆ ಪ್ರೀತಿಯಿಂದ ಕೊಡುತ್ತಿದ್ದರೆ ಕೊಡಲಿ. ‘ಕೊಡದಿದ್ದರೆ ಏನಾದರೂ ಆಗುತ್ತೆ’ ಅಂತ ಕೊಡುತ್ತಿದ್ದರೆ ನೀವೇ ಕೂತು ಮಾತಾಡಿ. ಮರಿಯಮ್ಮನ ವಿಷಯದಲ್ಲಿ ಅತಿಯೂ ಬೇಡ, ಜಿಪುಣತನವೂ ಬೇಡ ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ಮರಿಯಮ್ಮನಿಗೆ ‘ಸಹ ರಕ್ಷಕಿ’ (ಕ್ರಿಸ್ತನ ಜೊತೆಗೆ ರಕ್ಷಿಸುವವಳು) ಅನ್ನುವ ಬಿರುದು ಸರಿಯಲ್ಲ ಅಂತ ರೋಮ್ 2025ರ ನವೆಂಬರ್‌ನಲ್ಲಿ ಬರೆಯಿತು. ನಮ್ಮ ಎಷ್ಟೋ ಜನ ಭಕ್ತರು ಅದಕ್ಕೆ ಮುಖ ಸಿಂಡರಿಸಿದರು. ಸಿಂಡರಿಸಲಿ.

ಒಂದೇ ಎಚ್ಚರಿಕೆ. ಇದನ್ನೆಲ್ಲ ಊಟದ ಹೊತ್ತಲ್ಲಿ ಅವರ ಮುಂದೆ ಹಿಡಿಯಬೇಡಿ. ಪಾದ್ರಿಯಾಗಲು ಗುರುಮಠದಲ್ಲಿ ಓದುವಾಗ ಇದೇ ವಿಷಯಕ್ಕೆ ಸೋದರಮಾವನ ಜೊತೆ ವಾದ ಮಾಡಿ ಗೆದ್ದೆ. ಮಾವ ಎರಡು ವರ್ಷ ನಮ್ಮ ಮನೆ ಹೊಸಿಲು ತುಳಿಯಲಿಲ್ಲ, ಅಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ರಾತ್ರಿ ಜಪಸರ ನೀವೊಬ್ಬರೇ ಶುರು ಮಾಡಿ, ಅವರನ್ನು ಕರೆಯಬೇಡಿ. ಅವರು ಬೈಬಲ್ ಓದುತ್ತಿದ್ದಾರಲ್ಲ, ಓದಲಿ. ನಮ್ಮವರು ಅಷ್ಟನ್ನೂ ಓದಲ್ಲ.

ಪ್ರಶ್ನೆ: ಈ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಮೆಸೇಜನ್ನು 11 ಜನರಿಗೆ ಕಳಿಸದಿದ್ದರೆ ಕೆಟ್ಟದಾಗುತ್ತಾ?

ಉತ್ತರ: ಡಿಲೀಟ್ ಮಾಡಿ. ನನಗಂತೂ ಕಳಿಸಬೇಡಿ.

ಪ್ರಶ್ನೆ: ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ ಕಾನ್‌ಸ್ಟಂಟೈನ್ ಚಕ್ರವರ್ತಿ ನಿಸೇಯದಲ್ಲಿ ತೀರ್ಮಾನ ಮಾಡಿದನಂತೆ?

ಉತ್ತರ: ಇಲ್ಲ. 325ರ ಸಭೆ ಸೇರಿದ್ದು ಕ್ರಿಸ್ತನ ದೈವತ್ವದ ಜಗಳಕ್ಕೆ. ಈಸ್ಟರ್ ದಿನಾಂಕದ ಮಾತೂ ನಡೆಯಿತು, ಪುಸ್ತಕದ ಪಟ್ಟಿ ಅಲ್ಲಿ ಆಗಲಿಲ್ಲ. ವಿಡಿಯೋ ನೋಡೋದು ಕಡಿಮೆ ಮಾಡಿ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ಒಬ್ಬರು ದುಡ್ಡು ತಗೊಂಡು ಎಣ್ಣೆ ಮಂತ್ರಿಸಿ ದೆವ್ವ ಬಿಡಿಸುತ್ತಾರೆ. ಶುಗರ್ ಮಾತ್ರೆ ನಿಲ್ಲಿಸಿ, ನಂಬಿಕೆ ಸಾಕು ಅಂತಾರೆ. ಹೋಗಬಹುದಾ?

ಉತ್ತರ: ಹೋಗಬೇಡಿ, ಮಾತ್ರೆ ನಿಲ್ಲಿಸಬೇಡಿ. ಬಿಷಪರ ಅನುಮತಿ ಇಲ್ಲದೆ ಚರ್ಚಿನ ಗುರುಗಳೇ ದೆವ್ವ ಬಿಡಿಸೋ ವಿಧಿ ನಡೆಸುವಂತಿಲ್ಲ, ಇನ್ನು ಈ ಎಣ್ಣೆ ಅಂಗಡಿಯವರು ಯಾರು? ಫ್ರಾನ್ಸಿನಲ್ಲಿರುವ ಮರಿಯಮ್ಮನ ಯಾತ್ರಾಸ್ಥಳ ಲೂರ್ದ್‌ನಲ್ಲಿ 1858ರಿಂದ ಈಚೆಗೆ ಗುಣವಾಯಿತು ಅಂತ ಹೇಳಿಕೊಂಡವರು 7000ಕ್ಕೂ ಜಾಸ್ತಿ. ಡಾಕ್ಟರುಗಳು ವರ್ಷಗಟ್ಟಲೆ ತಪಾಸಣೆ ಮಾಡಿ, ಧರ್ಮಸಭೆ ಪವಾಡ ಅಂತ ಒಪ್ಪಿದ್ದು 70 ಚಿಲ್ಲರೆ. ಪ್ರಾರ್ಥನೆಯೊಂದೇ ಸಾಕಾಗಿದ್ದರೆ ಬಿಷಪರು ಇದೇ ಬೆಂಗಳೂರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಯಾಕೆ ಕಟ್ಟಿಸುತ್ತಿದ್ದರು?

ಪ್ರಶ್ನೆ: ನಾವು ಕ್ರೈಸ್ತರಲ್ಲ. ಸೆಪ್ಟೆಂಬರ್ 8ರ ತೇರಿಗೆ ಬರಬಹುದಾ?

ಉತ್ತರ: ಧಾರಾಳವಾಗಿ ಬನ್ನಿ, ಮೇಣದಬತ್ತಿ ಹಚ್ಚಿ. ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದದ ಸಾಲಲ್ಲಿ ಮಾತ್ರ ನಿಲ್ಲಬೇಡಿ, ಅದು ಎಲ್ಲರಿಗೂ ಹಂಚೋ ಪ್ರಸಾದ ಅಲ್ಲ. ಗಾಡಿ ತರಬೇಡಿ, ನಿಲ್ಲಿಸೋಕೆ ಜಾಗ ಸಿಗಲ್ಲ. ಶಿವಾಜಿನಗರ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಇದೆ.